ಬಸ್ ಸ್ಟ್ಯಾಂಡಿನಲ್ಲಿ ನಿಂತ ಮಂದಾಕಿನಿ

ನನ್ನ ಫೋನಿನಲ್ಲಿ ಒಂದು ಸಂಸಾರ ಬಾಡಿಗೆಗಿದೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ, ನಮ್ಮವರು ಆಗಲೇ ನಕ್ಕು ಮುಗಿಸಿದ್ದಾರೆ. ಆ ಸಂಸಾರದಲ್ಲಿ ಒಬ್ಬ ಸಿಡುಕ ಅಪ್ಪ, ಮಾತು ಬಾಯಿಗೆ ಬಂದಾಗಲೆಲ್ಲ ಸೆರಗು ಕಚ್ಚುವ ಅವ್ವ, ಮತ್ತು ಮಂದಾಕಿನಿ ಎಂಬ ಮಗಳು ಇದ್ದಾರೆ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಫೋನು ‘ಟಣ್’ ಎನ್ನುತ್ತದೆ, ಹೊಸ ಕಂತು ಬಂತೆಂದು ಅರ್ಥ. ಆ ಟಣ್‌ಗೆ ಎಷ್ಟು ಸಲ ನಮ್ಮ ಒಲೆಯ ಮೇಲಿನ ಹಾಲು ಉಕ್ಕಿದೆಯೋ ಲೆಕ್ಕವಿಲ್ಲ.

ಈ ಆನ್‌ಲೈನ್ ಧಾರಾವಾಹಿಗಳ ಮೇಲೆ ಕಿರಾಣಿ ಅಂಗಡಿಯ ಡಬ್ಬಿಗಳಿಗೆ ಅಂಟಿಸಿದಂತೆ ಚೀಟಿ ಅಂಟಿಸಿರುತ್ತಾರೆ. ನನ್ನದರ ಮೇಲೆ ‘ಕುಟುಂಬ’, ‘ಒಪ್ಪಿಗೆ’, ‘ಬೆಳೆಯುವ ವಯಸ್ಸು’ ಎಂದಿತ್ತು. ಒಳಗೆ ಎಂಥ ಬೇಳೆ ಇದೆ ನೋಡೋಣವೆಂದು ಮುಚ್ಚಳ ತೆಗೆದವಳು ನಾನು. ಈಗ ಡಬ್ಬಿಯೊಳಗೇ ಕುಳಿತಿದ್ದೇನೆ. ಮಂದಾಕಿನಿ ತನಗೆ ಬೇಕಾದವನನ್ನು ಮದುವೆಯಾಗಿದ್ದಾಳೆ, ಅಪ್ಪ ಬಾಗಿಲು ಹಾಕಿಕೊಂಡಿದ್ದಾನೆ. ಇಷ್ಟೇ ಕತೆ. ಆದರೆ ಬರೆಯುವವಳು ಬಲು ಕಿಲಾಡಿ. ಪ್ರತಿ ಕಂತಿನ ಕೊನೆಗೆ ಯಾರಾದರೂ ಬಾಗಿಲು ತಟ್ಟುತ್ತಾರೆ, ತೆರೆಯುವುದು ಮಾತ್ರ ಮುಂದಿನ ಕಂತಿನಲ್ಲಿ.

ಬೆಟಗೇರಿಯ ನಮ್ಮ ಮನೆಗೆ ನಡುವೆ ಒಂದು ಗೋಡೆ ಇದೆ, ಪಡಸಾಲೆ ಮಾತ್ರ ಒಂದೇ. ಗೋಡೆಯ ಆಚೆ ನಮ್ಮವರ ಅಣ್ಣ, ಅಂದರೆ ನನ್ನ ಭಾವನವರು, ಮತ್ತು ಅವರ ಹೆಂಡತಿ ನೀಲಕ್ಕ. ಭಾವನವರದು ಗದಗ ಪೇಟೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಅವರ ಸ್ವಭಾವಕ್ಕೂ ಸರಕಿಗೂ ಹೊಂದಾಣಿಕೆ ಚೆನ್ನಾಗಿದೆ. ಅವರ ಒಬ್ಬಳೇ ಮಗಳು ಸವಿತಾ. ನಾನು ಮದುವೆಯಾಗಿ ಲಕ್ಷ್ಮೇಶ್ವರದಿಂದ ಈ ಮನೆಗೆ ಬಂದಾಗ ನನ್ನ ಕಂಕುಳೇರಿ ಕುಳಿತ ಕೂಸು ಅದು. ಈಗ ಮುಂಡರಗಿಯಲ್ಲಿ ಒಬ್ಬ ಶಾಲಾ ಮಾಸ್ತರನನ್ನು ಮದುವೆಯಾಗಿ ಸುಖವಾಗಿದ್ದಾಳೆ. ಹುಡುಗ ಬಂಗಾರದಂಥವನು. ಅವನಲ್ಲಿ ದೋಷ ಒಂದೇ: ಅವನನ್ನು ಹುಡುಕಿದ್ದು ಭಾವನವರಲ್ಲ.

‘ಆಕಿ ಹೆಸರ ಈ ಮನ್ಯಾಗ ಯಾರೂ ತೆಗೀಬ್ಯಾಡ್ರಿ’ ಎಂದು ಮದುವೆಯ ದಿನವೇ ಭಾವನವರ ಹುಕುಂ ಆಗಿತ್ತು. ನಾವು ತೆಗೆಯಲಿಲ್ಲ. ವರ್ಷಗಳೇ ಕಳೆದವು. ಈಗ ಸವಿತಾ ಬಸುರಿ, ಏಳನೆಯ ತಿಂಗಳು. ನೀಲಕ್ಕ ಹಿತ್ತಲ ಬಾವಿಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಪಿಸುಗುಟ್ಟುತ್ತಾಳೆ. ಭಾವನವರಿಗೆ ‘ಗೊತ್ತಿಲ್ಲ’. ಗೊನೆಯಿಂದ ಒಂದು ಬಾಳೆಹಣ್ಣು ಕಡಿಮೆಯಾದರೂ ಪತ್ತೆ ಹಿಡಿಯುವ ಮನುಷ್ಯನಿಗೆ ಇದು ಗೊತ್ತಿಲ್ಲವೆಂದು ನಾವೆಲ್ಲ ನಂಬಿದ್ದೆವು. ಬಸುರಿಯಾದ ಮಗಳು ತವರಿನ ಹೊಸ್ತಿಲು ತುಳಿಯದೆ ಹಡೆಯಬೇಕೇ ಎಂಬ ಸಂಕಟದಿಂದ ನೀಲಕ್ಕ ದಿನೇ ದಿನೇ ಸೊರಗುತ್ತಿದ್ದಳು.

ಇಂಥ ಹೊತ್ತಿನಲ್ಲಿ ನಾನು ಕಂತು ಓದಿ ಹೇಳಲು ಶುರು ಮಾಡಿದೆ. ಬೇಸಿಗೆಯ ದಿನ, ವರ್ಷದ ಖಾರಪುಡಿಗೆಂದು ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ. ನಾನು, ನೀಲಕ್ಕ ಮತ್ತು ಪಕ್ಕದ ಮನೆಯ ಗಂಗವ್ವ ರಾಶಿಯ ಸುತ್ತ ಕುಳಿತಿರುತ್ತಿದ್ದೆವು. ಗಂಗವ್ವ ಅಸುಂಡಿಯವಳು, ಎಪ್ಪತ್ತು ದಾಟಿದ್ದಾಳೆ, ಬಾಯಿಗೆ ಮಾತ್ರ ಇನ್ನೂ ಹದಿನಾರು. ನಾನು ಓದುವುದು, ಅವರಿಬ್ಬರು ಮುರಿಯುವುದು, ಮೂವರೂ ಅಳುವುದು. ಆ ಕಣ್ಣೀರಿನಲ್ಲಿ ಮಂದಾಕಿನಿಯ ಪಾಲೆಷ್ಟು, ಮೆಣಸಿನಕಾಯಿಯ ಪಾಲೆಷ್ಟು ಎಂದು ಯಾರೂ ಹೇಳುವಂತಿರಲಿಲ್ಲ. ಹೊರಗೆ ಪಡಸಾಲೆಯಲ್ಲಿ ಭಾವನವರು ಪೇಪರು ಹಿಡಿದು ಕುಳಿತಿರುತ್ತಿದ್ದರು. ಕಂತು ಮುಗಿಯುವವರೆಗೆ ಅವರು ಒಂದು ಪುಟವನ್ನೂ ತಿರುವುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ತಡವಾಗಿ. ಒಂದು ಶುಕ್ರವಾರ ಟಣ್ ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ, ಗೋಡೆಗೆ ಹೇಳಿದಂತೆ, ಒಂದು ಮಾತು ಬಂತು: ‘ಇವತ್ತ ನೆಟ್‌ವರ್ಕ್ ಇಲ್ಲೇನು ಊರಾಗ?’

ನೆಟ್‌ವರ್ಕ್ ಇತ್ತು, ಕಂತು ಇರಲಿಲ್ಲ. ಹಿಂದಿನ ಕಂತಿನಲ್ಲಿ ಏಳು ತಿಂಗಳ ಬಸುರಿ ಮಂದಾಕಿನಿ ಅಪ್ಪನನ್ನು ನೋಡಲೇಬೇಕೆಂದು ಹಟಮಾಡಿ, ತವರೂರಿನ ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಇಳಿದಿದ್ದಳು. ಇಳಿದಳು ಎನ್ನುವಲ್ಲಿಗೆ ಕಂತು ಮುಗಿದಿತ್ತು. ಈಗ ಅದರ ಕೆಳಗೆ ಲೇಖಕಿಯ ಒಂದು ಸಾಲು: ಪ್ರಿಯ ಓದುಗರೇ, ನನಗೆ ಸೆಮಿಸ್ಟರ್ ಪರೀಕ್ಷೆ ಇರುವುದರಿಂದ ಕತೆಗೆ ಕೆಲವು ವಾರ ಬಿಡುವು.

ನಾನು ಓದಿ ಹೇಳಿದೆ. ಗಂಗವ್ವ ಕೈಯಲ್ಲಿದ್ದ ಮೆಣಸಿನಕಾಯಿ ಒಗೆದಳು. ‘ಏನಂದಿ? ಬಸುರಿ ಹುಡುಗೀನ ಬಸ್ ಸ್ಟ್ಯಾಂಡಿನ್ಯಾಗ ನಿಲ್ಲಿಸಿ ತಾನು ಪರೀಕ್ಷಾ ಬರಿಯಾಕ ಹೋದ್ಲಂತ? ಇಕಿಗೆ ಹೇಳವ್ರು ಕೇಳವ್ರು ಯಾರೂ ಇಲ್ಲೇನು?’

ನೀಲಕ್ಕನ ಚಿಂತೆ ಬೇರೆ. ‘ಅಷ್ಟೊತ್ತಿಗೆ ಏಳನೇ ತಿಂಗಳ ಮುಗದ ಹೋಗತೈತಿ. ಕುಬಸ ಯಾವಾಗ ಮಾಡೂದು?’

ಕುಬಸವೆಂದರೆ ಬಸುರಿಗೆ ಹಸಿರು ಕುಪ್ಪಸ ತೊಡಿಸಿ, ಹಸಿರು ಬಳೆ ಇಡಿಸಿ, ಮಡಿಲಿಗೆ ಅಕ್ಕಿ-ಕೊಬ್ಬರಿಯ ಉಡಿ ತುಂಬಿ ಹಾರೈಸುವ ಕಾರ್ಯ. ನಮ್ಮಲ್ಲಿ ಅದು ಬೆಸ ತಿಂಗಳಲ್ಲೇ ಆಗಬೇಕು. ಕತೆಯ ಹುಡುಗಿಗೆ ಯಾರು ಕುಬಸ ಮಾಡುತ್ತಾರೆ ಎಂದು ನಾನು ನಗಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಉಳಿಯಿತು. ಏಕೆಂದರೆ ಮಾಡುತ್ತಾರೆ! ಲಕ್ಷ್ಮೇಶ್ವರದಲ್ಲಿ ನಾನು ಸಣ್ಣವಳಿದ್ದಾಗ ಶ್ರಾವಣದ ಪುರಾಣಕ್ಕೆ ಅವ್ವನ ಜೊತೆ ಹೋಗುತ್ತಿದ್ದೆ. ಪುರಾಣದಲ್ಲಿ ಮದುವೆ ಬಂತೆಂದರೆ ಕೇಳುತ್ತ ಕುಳಿತವರು ಅಕ್ಷತೆ ಎಸೆಯುತ್ತಿದ್ದರು. ಶರಣರು ಹುಟ್ಟುವ ಅಧ್ಯಾಯ ಬಂದರೆ ಮಠದ ನಡುವೆ ಖರೇ ಖರೇ ತೊಟ್ಟಿಲು ಕಟ್ಟಿ, ಜೋಗುಳ ಹಾಡಿ, ಹೆಂಗಸರಿಗೆಲ್ಲ ಉಡಿ ತುಂಬುತ್ತಿದ್ದರು. ಕತೆಯನ್ನು ಬರೀ ಕೇಳಿ ಎದ್ದು ಹೋಗುವ ಜನ ನಾವಲ್ಲ, ಕೇಳಿದ ಕತೆಗೆ ಬಾಗಿನ ಕೊಡುವವರು. ಸಾವಿರ ವರ್ಷ ಹಿಂದಿನ ತಾಯಿಗೆ ಉಡಿ ತುಂಬುವವರು ಮೊನ್ನೆ ಮೊನ್ನೆ ಬಸ್ಸಿನಿಂದ ಇಳಿದವಳಿಗೆ ತುಂಬಬಾರದೇ? ನಾನು ಬಿ.ಎಸ್ಸಿ. ಓದಿದವಳು. ಆದರೂ ಒಳಗೊಳಗೇ ನನಗೆ ಕುಣಿಯುವಷ್ಟು ಹುರುಪು ಬಂದಿತ್ತು.

ಸೋಮವಾರ ಕಾರ್ಯ ನಡೆಯಿತು. ಮೆಣಸಿನಕಾಯಿ ರಾಶಿಯನ್ನೆಲ್ಲ ಗಿರಣಿಗೆ ಕಳಿಸಿ, ಮನೆ ಸಾರಿಸಿ, ಮಣೆಯ ಮೇಲೆ ಹಸಿರು ಕುಪ್ಪಸದ ಖಣ ಹಾಸಿ, ಅದರ ಮೇಲೆ ನನ್ನ ಫೋನನ್ನು ಕೂರಿಸಿದೆವು. ಫೋನಿಗೆ ಬಳೆ ಇಡಿಸುವುದು ಹೇಗೆಂದು ಚರ್ಚೆಯಾಗಿ, ಚಾರ್ಜರಿನ ವೈರಿಗೆ ಪೋಣಿಸಿದೆವು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಬೆಲ್ಲ, ಎಲೆ-ಅಡಿಕೆ ಎಲ್ಲವನ್ನೂ ನೀಲಕ್ಕ ಒಂದೊಂದಾಗಿ ತಟ್ಟೆಗೆ ತುಂಬಿದಳು. ಗಂಗವ್ವ ಹಾಡು ಹೇಳಿದಳು. ಸರಿಯಾಗಿ ಆರತಿ ಎತ್ತುವಾಗ ಫೋನು ಗುರ್ರೆಂದು ನಡುಗಿ ಮಣೆಯ ಮೇಲೆ ಸರಿದಾಡತೊಡಗಿತು. ಯಾವುದೋ ಕಂಪನಿಯ ಕರೆ.

‘ನೋಡ ನೋಡ, ಗಂಡನ ಮನಿಯಿಂದ ಫೋನ್ ಬಂತು!’ ಎಂದಳು ಗಂಗವ್ವ. ನಾವು ನಕ್ಕ ನಗುವಿಗೆ ಆರತಿಯ ದೀಪ ಎರಡು ಸಲ ಆರಿತು.

ನಗು ನಿಂತ ಮೇಲೆ ತಟ್ಟೆ ಉಳಿಯಿತು. ಉಡಿಗೆ ಹಾಕಿದ ಅಕ್ಕಿಯನ್ನು ತಿರುಗಿ ಡಬ್ಬಿಗೆ ಸುರಿಯುವಂತಿಲ್ಲ. ‘ಮಠದಾಗ ಮಾಡಿದಂಗ ಹಂಚಿಕೊಂಡ ತಿನ್ನೂಣು’ ಎಂದು ಗಂಗವ್ವ ಒಂದು ಉತ್ತತ್ತಿಗೆ ಕೈ ಹಾಕಿದಳು. ನೀಲಕ್ಕ ಆ ಕೈ ಹಿಡಿದಳು.

‘ಬಸುರಿ ಉಡಿ ಹಂಚಬಾರದವಾ. ಅದು ಬಸುರೀಗೇ ಮುಟ್ಟಬೇಕು.’

ನೀಲಕ್ಕ ತಟ್ಟೆಯ ಅಂಚು ಬಿಡಲಿಲ್ಲ. ಪಡಸಾಲೆಯಲ್ಲಿ ಪೇಪರು ಮಡಚುವ ಸಪ್ಪಳವಾಯಿತು, ಭಾವನವರು ಬಾಗಿಲಿಗೆ ಬಂದು ನಿಂತರು. ನನ್ನ ಜೊತೆ ಮಾತಾಡಬೇಕಾದರೆ ಅವರು ಯಾವಾಗಲೂ ಬಾಗಿಲ ಚೌಕಟ್ಟನ್ನು ನೋಡಿ ಮಾತಾಡುವವರು. ಅಂದೂ ಚೌಕಟ್ಟಿಗೇ ಕೇಳಿದರು: ‘ಆ ಬಸ್ ಸ್ಟ್ಯಾಂಡಿನ್ಯಾಗ ಕುಂಡ್ರಾಕ ಒಂದ ಕಟ್ಟಿನರ ಐತ್ಯೋ ಇಲ್ಲೊ?’

‘ಅದನ್ನ ಬರದಿಲ್ಲರಿ ಭಾವಾರ’ ಎಂದೆ.

‘ಏನ್ ಬರೀತಾಳೋ ಏನೋ. ಪರೀಕ್ಷಾ ಮುಗಿಯೂತನಾ ಆ ಹುಡುಗಿ ನಿಂತಽ ಇರಬೇಕೇನು? ಜಲ್ದಿ ನಡೀರಿ, ಹೋಗಿ ಕರ್ಕೊಂಡ ಬರೂಣು.’

‘ಯಾರನ್ನರಿ?’ ಎಂದಳು ನೀಲಕ್ಕ. ನನಗೆ ಆಕೆಯ ಬಾಯಿ ಮುಚ್ಚಬೇಕೆನಿಸಿತು. ಕೂಡಿಬರುತ್ತಿರುವ ಕೆಲಸವನ್ನು ಯಾಕೆ ಕೆದಕುತ್ತಾಳೆ? ಆದರೆ ಆಕೆಗೆ ಆ ಹೆಸರು ಅವರ ಬಾಯಿಂದಲೇ ಬೇಕಾಗಿತ್ತು.

ಭಾವನವರು ಚೌಕಟ್ಟು ಬಿಟ್ಟು ಜಂತಿಯನ್ನು ನೋಡಿದರು. ‘ಇನ್ಯಾರನ್ನ? ಸವಿತಾನ್ನ.’ ಕಣ್ಣು ಕೆಂಪಾಗಿದ್ದವು. ‘ಈ ಮನ್ಯಾಗ ಮೆಣಸಿನಕಾಯಿ ಘಾಟ ಭಾಳ ಆತು’ ಎಂದು ಧೋತರದ ತುದಿಯಿಂದ ಒರೆಸಿಕೊಂಡರು. ಮನೆಯಲ್ಲಿ ಅಂದು ಒಂದು ಮೆಣಸಿನಕಾಯಿಯೂ ಇರಲಿಲ್ಲ.

ಘಾಟು ನಿಜವಾಗಿ ಇದ್ದದ್ದು ನಾವು ಮುಂಡರಗಿಗೆ ಹೊರಟ, ಅವರ ಮೆಣಸಿನಕಾಯಿ ಹೇರುವ ಗಾಡಿಯಲ್ಲಿ. ಗದಗ ದಾಟುವುದರೊಳಗೆ ಸೀನು ಶುರುವಾಗಿ, ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ನಾಲ್ವರೂ ಸರದಿಯ ಮೇಲೆ ಸೀನುತ್ತಿದ್ದೆವು. ತಟ್ಟೆ ನೀಲಕ್ಕನ ತೊಡೆಯ ಮೇಲೆ, ತಟ್ಟೆಯ ಮೇಲೆ ಗಂಗವ್ವನ ಕಣ್ಣು. ಭಾವನವರು ತುಟಿ ಅಲ್ಲಾಡಿಸುತ್ತ ದಾರಿಯುದ್ದಕ್ಕೂ ಏನೋ ಒಂದು ಮಾತನ್ನು ಹೊಂದಿಸಿಕೊಳ್ಳುತ್ತಿದ್ದರು. ಮುಂಡರಗಿಯಲ್ಲಿ ಸವಿತಾ ಬಾಗಿಲು ತೆರೆದಳು. ಅವರು ಬಾಯಿ ತೆರೆದರು. ಹೊಂದಿಸಿಟ್ಟ ಮಾತಿನ ಬದಲು ಒಂದು ಭಾರಿ ಸೀನು ಹೊರಬಂತು.

ಹುಡುಗಿ ಅಪ್ಪನನ್ನು ಮಿಕಿಮಿಕಿ ನೋಡಿದಳು. ಆಮೇಲೆ ನಿನ್ನೆ ಸಂಜೆಯಷ್ಟೇ ಮಾತಾಡಿ ಬಿಟ್ಟವಳಂತೆ ಕೇಳಿದಳು: ‘ಅಪ್ಪಾ, ನೆಗಡಿ ಆಗೇತೇನು? ಬರ್ರಿ, ಒಳಗ ಕುಂಡ್ರಿ, ಬಿಸಿನೀರ ಕೊಡ್ತೀನಿ.’

ಅಷ್ಟೇ. ಕ್ಷಮೆ ಇಲ್ಲ, ಕಾಲಿಗೆ ಬೀಳುವುದು ಇಲ್ಲ, ಹಿನ್ನೆಲೆ ಸಂಗೀತವಿಲ್ಲ. ಧಾರಾವಾಹಿಯವಳು ಇಷ್ಟಕ್ಕೆ ನಾಲ್ಕು ಕಂತು ಎಳೆಯುತ್ತಿದ್ದಳು. ಮಾಸ್ತರ ಅಳಿಯ ಚಹಾ ಮಾಡಿದ, ಸಕ್ಕರೆ ಹೆಚ್ಚಾಗಿತ್ತು. ಭಾವನವರು ಎರಡು ಕಪ್ಪು ಕುಡಿದರು. ನೀಲಕ್ಕ ಉಡಿ ತುಂಬುತ್ತ ಫೋನಿನ ಕುಬಸದ ಕತೆ ಹೇಳಿದಾಗ ಸವಿತಾ ಹೊಟ್ಟೆ ಹಿಡಿದು ನಕ್ಕ ರಭಸಕ್ಕೆ, ಇಲ್ಲೇ ಹೆರಿಗೆಯಾಗುತ್ತದೆಂದು ನಾನು ಹೆದರಿದೆ. ಸಂಜೆ ನಮ್ಮ ಜೊತೆಗೇ ಬಂದಳು. ಈಗ ಗೋಡೆಯಾಚೆ ಇದ್ದಾಳೆ. ನನ್ನ ಕಂಕುಳಿಗೆ ಮತ್ತೆ ಕೆಲಸ ಬರುವ ದಿನ ಹತ್ತಿರವಾಗಿದೆ ಎಂದು ನೆನೆದಾಗಲೆಲ್ಲ ನಾನೊಬ್ಬಳೇ ಕುಳಿತು ನಗುತ್ತೇನೆ.

ಡಬ್ಬಿಯ ಮೇಲಿನ ಮೂರನೆಯ ಚೀಟಿ ನನಗೆ ನೆನಪಾಗುತ್ತಿರುತ್ತದೆ: ‘ಬೆಳೆಯುವ ವಯಸ್ಸು’. ಅದು ಹುಡುಗಿಯರ ವಯಸ್ಸೆಂದು ನಾನು ತಿಳಿದಿದ್ದೆ. ನಮ್ಮ ಮನೆಯಲ್ಲಿ ಹುಡುಗಿ ಎಂದೋ ಬೆಳೆದು ನಿಂತು ಕಾಯುತ್ತಿದ್ದಳು, ಬೆಳೆಯಬೇಕಾದವರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು.

ಮೊನ್ನೆ ಮಂಗಳವಾರ ಪರೀಕ್ಷೆ ಮುಗಿಸಿ ಲೇಖಕಿ ತಿರುಗಿ ಬಂದಳು. ಟಣ್. ಈಗ ಭಾವನವರಿಗೆ ಪೇಪರಿನ ಮರೆ ಬೇಡ, ಮಗಳ ಪಕ್ಕದಲ್ಲೇ ಖುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಓದಿದೆ. ಮಂದಾಕಿನಿ ಬಸ್ ಸ್ಟ್ಯಾಂಡಿನಿಂದ ಮನೆಗೆ ಹೋದಳು, ಬಾಗಿಲು ತಟ್ಟಿದಳು. ಅಪ್ಪ ಒಳಗೇ ಇದ್ದ. ತೆರೆಯಲಿಲ್ಲ.

ಭಾವನವರು ಖುರ್ಚಿಯಿಂದ ಅರ್ಧ ಎದ್ದರು.

‘ಸುಳ್ಳು ಬರದಾಳ! ಬಸುರಿ ಮಗಳು ಬಾಗಲಾ ಬಡದರ ತೆಗೀದ ಇರೂವಂಥಾ ಅಪ್ಪ ಎಲ್ಲ್ಯರ ಇರ್ತಾನೇನು?’

ನೀಲಕ್ಕ ಸೆರಗು ಕಚ್ಚಿದಳು, ನಾನು ಫೋನು ಮುಖಕ್ಕೆ ಅಡ್ಡ ಹಿಡಿದೆ. ಸವಿತಾ ಮಾತ್ರ ಅಪ್ಪನ ಕಡೆ ತಿರುಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ‘ಹೌದಲ್ರೀ ಅಪ್ಪಾ’ ಎಂದಳು.