ಖಾಲಿ ಬೋಗುಣಿ ಹಿಡಿದು ಹೋದ ಸಂಜೆ

ಮೊನ್ನೆ ಮುಂಜಾನೆ ನಡಿಗೆ ಮುಗಿಸಿ ಬರುವಾಗ ಕೊಟ್ಟೂರಿನ ನಮ್ಮ ಓಣಿಯ ಒಂದು ಮನೆಯಿಂದ ಹುಳಿ ಬಂದ ಜೋಳದ ಹಿಟ್ಟಿನ ವಾಸನೆ ಬಂತು. ಅಂಬಲಿಗೆ ಕಲಸಿಟ್ಟಿದ್ದಿರಬೇಕು. ನಡುವೆ ಎಲ್ಲೂ ನಿಲ್ಲದವನು ನಾನು, ಅಂದು ನಿಂತೆ. ಇಥಿಯೋಪಿಯಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು...

ಅಲ್ಲಿಯ ಒಂದು ಸಣ್ಣ ಊರಿನಲ್ಲಿ ನಾನು ಗಣಿತದ ಮಾಸ್ತರನಾಗಿದ್ದೆ. ಅಕ್ಕನ ಗಂಡ ತೀರಿಕೊಂಡಿದ್ದ. ಮಣ್ಣಿನ ಗೋಡೆಯ ಒಂದೇ ಕೋಣೆ, ಮೇಲೆ ತಗಡು, ಅಂಗಳದಲ್ಲಿ ಕೆಲವು ಕೋಳಿ. ಊರವರ ಬಟ್ಟೆ ಒಗೆದು ಬದುಕುತ್ತಿದ್ದಳು. ನಾವು ಹೋದ ಹೊಸತರಲ್ಲೇ ತನ್ನ ಬೋಗುಣಿಯ ತುಂಬ ಕಡಲೆಹಿಟ್ಟಿನ ಸಾರು ತಂದಳು. ಮೇಲೆ ಇಂಜೆರಾ ಎಂಬ ಅವರ ಹುಳಿ ರೊಟ್ಟಿ ಮುಚ್ಚಿತ್ತು. ಸಾರಿಗೆ ಹೆಚ್ಚುಕಡಿಮೆ ನಮ್ಮ ಜುಣಕದ ರುಚಿಯೇ.

ನನ್ನ ಹೆಂಡತಿ ಇಟ್ಟಿಗಿ ಎಂಬ ಊರಿನವಳು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವವಳಲ್ಲ. ಉಪ್ಪಿಟ್ಟು ತುಂಬಿ ಕಳಿಸಿದಳು. ಅಕ್ಕನದೂ ಅದೇ ಪದ್ಧತಿ ಎಂದು ನಮಗೇನು ಗೊತ್ತು? ಬೋಗುಣಿ ಬಟಾಣಿ ತುಂಬಿಕೊಂಡು ಬಂತು. ಚಿತ್ರಾನ್ನ ಹೋಯಿತು, ಆಲೂಗಡ್ಡೆ ಬಂತು... ಇಬ್ಬರೂ ಸೋಲಲೊಲ್ಲರು. ಕೊನೆಗೆ ಒಂದು ದಿನ ಎರಡು ಮೊಟ್ಟೆ ಬಂದವು. ಮೊಟ್ಟೆ ಮುಟ್ಟದ ಮನೆ ನಮ್ಮದು, ಆದರೆ ಚಿಂತೆ ಅದಲ್ಲ. ಮೊಟ್ಟೆ ಮಾರಿಯೇ ಅವಳು ಎಣ್ಣೆ, ಉಪ್ಪು ತರುತ್ತಿದ್ದುದು. ಕೊಡಲು ಅವಳ ಮನೆಯಲ್ಲಿ ಬೇರೇನೂ ಉಳಿದಿರಲಿಲ್ಲ.

ಬೋಗುಣಿ ನಮ್ಮಲ್ಲೇ ಇದ್ದರೆ ಅವಳು ಕೊಡುವುದು ನಿಲ್ಲುತ್ತದೆ ಎಂದು ಇಬ್ಬರೂ ಯೋಚಿಸಿ, ಅದನ್ನು ಮರಳಿಸದೆ ಇಟ್ಟುಕೊಂಡೆವು. ನಿಂತಿತು. ಅಕ್ಕ ಬರುವುದೂ ನಿಂತಿತು. ಬೇಲಿಯಾಚೆ ಬಟ್ಟೆ ಹರವುವಾಗ ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಹೆಂಡತಿಗೆ ಊಟ ಸೇರದಾಯಿತು. ಆ ಊರಿನಲ್ಲಿ ಅವಳಿಗಿದ್ದ ಗೆಳತಿ ಅಕ್ಕ ಒಬ್ಬಳೇ.

ಒಂದು ಸಂಜೆ, ಎಂದಿನಂತೆ ನಾನು ಉತ್ತರ ಪತ್ರಿಕೆ ತಿದ್ದಲು ಕುಳಿತಿದ್ದೆ. ಹೆಂಡತಿ ಬೋಗುಣಿ ತಿಕ್ಕಿ ತೊಳೆದು ಎತ್ತಿಕೊಂಡಳು.

"ಏಳ್ರಿ. ಗಡಿಯಾರ ಇಲ್ಲೇ ಬಿಚ್ಚಿಟ್ಟು ಬರ್ರಿ, ಅಲ್ಲಿ ಹೊತ್ತು ನೋಡೂದು ಬ್ಯಾಡ. ಆಕಿ ಮನಿಗೆ ಹೋಗಾಣ."

ಏನು ತುಂಬಿದ್ದೀ ಎಂದು ಕೇಳಿದೆ. ಏನೂ ಇಲ್ಲ ಎಂದಳು. ಬರಿ ಪಾತ್ರೆ ಒಯ್ದರೆ ಇನ್ನೂ ಸಿಟ್ಟಾದಾಳು ಎಂದೆ. ಅವಳು ನಡೆದೇಬಿಟ್ಟಳು, ಹಿಂದೆ ನಾನು.

ಅಕ್ಕ ಬಾಗಿಲಲ್ಲೇ ನಿಂತು ಬೋಗುಣಿಯೊಳಗೆ ನೋಡಿದಳು. ಮುಖ ಬಿಗಿಯಿತು. ಹೆಂಡತಿ ಅವಳನ್ನು ದಾಟಿ ಒಳಗೆ ಹೋಗಿ, ಒಲೆಯ ಮುಂದೆ ಕುಳಿತು, ಹೊಟ್ಟೆ ಮುಟ್ಟಿ ತೋರಿಸುತ್ತ ತನ್ನ ಕನ್ನಡದಲ್ಲೇ ಹೇಳಿದಳು:

"ಯಕ್ಕಾ, ಖಾಲಿ ತಂದೀನಿ. ಹೊಟ್ಟಿ ಹಸದೈತಿ, ಏನರ ನೀಡು."

ಅಕ್ಕ ಹೊಟ್ಟೆಯ ಮೇಲಿನ ಆ ಕೈ ನೋಡಿದಳು, ಮತ್ತೆ ಬೋಗುಣಿ ನೋಡಿದಳು. ಆಮೇಲೆ ನಕ್ಕಳು... ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಇದ್ದ ಇಂಜೆರಾ ಮುರಿದು ಮೊದಲ ತುತ್ತನ್ನು ತನ್ನ ಕೈಯಿಂದಲೇ ಹೆಂಡತಿಯ ಬಾಯಿಗಿಟ್ಟಳು. ಎರಡನೆಯದು ನನಗೆ. ಅಂದಿನಿಂದ ಯಾರ ಮನೆಯಲ್ಲಿ ಏನು ಬೆಂದಿತ್ತೋ ಅದನ್ನು ಕೂಡಿ ಉಂಡೆವು.

ನಾವು ಊರಿಗೆ ಮರಳಿದ ಮೇಲೆ ಕೆಲಕಾಲ ಅವರಿವರಿಂದ ಅವಳ ಸುದ್ದಿ ಸಿಗುತ್ತಿತ್ತು. ಆಮೇಲೆ ಇಲ್ಲ... ಮೊನ್ನೆ ಮನೆಗೆ ಬಂದು ಅಕ್ಕ ನೆನಪಾದಳು ಎಂದೆ. ಹೆಂಡತಿ ಹಿಡಿದಿದ್ದ ಕೆಲಸ ಬಿಟ್ಟು ಹೊಸ್ತಿಲ ಮೇಲೆ ಕುಳಿತಳು. ಇಲ್ಲಿ ಓಣಿಗೊಂದು ನೆಂಟರ ಮನೆ ಇದೆಯಲ್ಲ ಎಂದು ನಾನೇ ಸಮಾಧಾನ ಹೇಳಿದೆ.

"ಇಲ್ಲಿ ಕರದರ ಹೋಗತೀವ್ರಿ," ಎಂದಳು. "ಹಸದರ ಹೋಗೋ ಮನಿ ಅದೊಂದ ಇತ್ತು."