ಮೂರನೇ ಡಿಸ್ಕಿನ ಮರಣದಂಡನೆ

ಸಾಂಗಲಿಯ ವಿಶ್ರಾಮಬಾಗದಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಹತ್ತಕ್ಕೆ ಒಂದು ಉಚ್ಚ ನ್ಯಾಯಾಲಯ ಕೂಡುತ್ತಿತ್ತು. ಜಾಗ, ಅರಿಷಿಣದ ವ್ಯಾಪಾರಿ ಬಾಪೂಸಾಹೇಬರ ಮಹಡಿ. ಆರೋಪಿಗಳು ಡಿಸ್ಕುಗಳು. ಅರವತ್ತು ವರ್ಷದ ಹಿಂದಿನ ಗಾಯನವನ್ನು ಯಾವುದೋ ದೂರದ ಸ್ಟುಡಿಯೋದಲ್ಲಿ ತೊಳೆದು, ಇಸ್ತ್ರಿ ಮಾಡಿ, ರಿಮಾಸ್ಟರ್ ಎಂಬ ಪದವಿ ಕೊಟ್ಟು, ಮದುವೆಯ ಸೀರೆಯಂತೆ ಡಬ್ಬಿಯಲ್ಲಿಟ್ಟು ಕಳಿಸಿದಂಥವು. ಕೋಣೆಯ ನಾಲ್ಕು ಮೂಲೆಗೂ ಅರಿಷಿಣದ ಚೀಲಗಳು ಪಹರೆ ನಿಂತಿದ್ದವು. ಅವು ಸ್ಪೀಕರಿನ ಗುಂಯ್‌ಗುಡುವಿಕೆಯನ್ನು ಕುಡಿದುಬಿಡುತ್ತವೆ ಎಂಬುದು ಬಾಪೂಸಾಹೇಬರ ಸಂಶೋಧನೆ. ಕೇಳಲು ಬಂದವರು ಹಳದಿ ಸೀನು ಸೀನುತ್ತ ಮನೆಗೆ ಹೋಗುತ್ತಿದ್ದರು. ಆ ಮಾತು ಬೇರೆ.

ನ್ಯಾಯಾಧೀಶ ಒಬ್ಬನೇ: ಮಿರಜಿನ ಲಗಮಣ್ಣ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ಅಪ್ಪ ಅಥಣಿ ಕಡೆಯಿಂದ ಕೂಲಿಗೆ ಬಂದು ಮಿರಜಿನ ತಂತುವಾದ್ಯದ ಓಣಿಯಲ್ಲಿ ತಂಬೂರಿಗೆ ಬೇಕಾದ ಕುಂಬಳಬುರುಡೆ ಹೊತ್ತ. ಮಗ ಅದೇ ಓಣಿಯಲ್ಲಿ ನಲವತ್ತು ವರ್ಷದಿಂದ ತಂಬೂರಿಗೆ ಜವಾರಿ ತೆಗೆಯುತ್ತಿದ್ದ. ತಂತಿ ಕೂರುವ ಘೋಡಿಯ ಬೆನ್ನನ್ನು ಕಾನಸದಿಂದ, ಅಂದರೆ ಸಣ್ಣ ಅರದಿಂದ, ಕೂದಲೆಳೆಯಷ್ಟು ಸವರಿ, ತಂತಿಯಡಿ ಒಂದು ಎಳೆ ನೂಲು ಸರಿಸಿದರೆ, ಬರೀ ತಂತಿಯಂತೆ ಟಣ್ ಎನ್ನುವುದು ಜೇನುಗೂಡಿನಂತೆ ಬಾಯಿಬಿಡುತ್ತದೆ. ಆ ಝೇಂಕಾರವೇ ಜವಾರಿ. ಡಿಸ್ಕು ತಿರುಗುವಾಗ ಮಿಕ್ಕವರು ಗವಾಯಿಯನ್ನು ಕೇಳಿದರೆ, ಲಗಮಣ್ಣ ಗವಾಯಿಯನ್ನು ಪಕ್ಕಕ್ಕೆ ಸರಿಸಿ, ಹಿಂದೆ ನುಡಿಯುವ ತಂಬೂರಿಯನ್ನು ಕೇಳುತ್ತಿದ್ದ. ಅವನ ದಂಡಸಂಹಿತೆಯಲ್ಲಿ ಇದ್ದದ್ದು ಎರಡೇ ಕಲಮು. ಒಂದು, "ಜೀವಾ ಐತಿ." ಇನ್ನೊಂದು, "ಸತ್ತೈತಿ."

ಕಳೆದ ಎರಡು ವರ್ಷದಿಂದ ಮೊದಲನೆಯ ಕಲಮಿಗೆ ಕೆಲಸವೇ ಇರಲಿಲ್ಲ. ಹೊಸ ಡಿಸ್ಕು ಸತ್ತಿತ್ತು. ಬಂಗಾರದ ಲೇಪದ್ದು ಸತ್ತಿತ್ತು. ಹಾವಿನಷ್ಟು ದಪ್ಪನೆಯ ವಾಯರು ತರಿಸಿದ ಮೇಲೂ ಸತ್ತಿತ್ತು. ಬಾಪೂಸಾಹೇಬರು ಅರಿಷಿಣದ ಚೀಲ ಹೆಚ್ಚಿಸಿದರು, ಕಡಿಮೆ ಮಾಡಿದರು, ಕೊನೆಗೆ ಸೇಲಂ ತಳಿಯಿಂದ ರಾಜಾಪುರಿ ತಳಿಗೆ ಬದಲಾಯಿಸಿದರು. ಲಗಮಣ್ಣ ಕಣ್ಣು ಮುಚ್ಚಿ ಕೇಳಿ, ನಿಟ್ಟುಸಿರುಬಿಟ್ಟು, ಹೆಣಕ್ಕೆ ಹೊದಿಕೆ ಎಳೆದಂತೆ ಹೇಳುತ್ತಿದ್ದ: "ತೊಳಿಯೂ ಮುಂದ ಜವಾರಿನೂ ತೊಳದಾರ್ರಿ." ಸಭೆ ತಲೆ ತೂಗುತ್ತಿತ್ತು. ಆಧುನಿಕ ಜಗತ್ತಿನ ಮೇಲೆ ಇಷ್ಟು ಗಂಭೀರವಾದ ಆರೋಪವನ್ನು ಇಷ್ಟು ಅಗ್ಗಕ್ಕೆ ಬೇರೆಲ್ಲೂ ಕೇಳುವಂತಿರಲಿಲ್ಲ.

ಒಂದು ಸಂಜೆ ಮನೆಯ ಕಟ್ಟೆಯ ಮೇಲೆ ಕುಳಿತು ಲಗಮಣ್ಣ ಹೆಂಡತಿಗೆ ಹೇಳಿದ, "ಏನ ಅನ್ನು ರಾಯವ್ವಾ, ನಮ್ಮ ಓಣ್ಯಾಗ ಎರಡ ವರ್ಷಾತು, ಸೊಳ್ಳಿನ ಇಲ್ಲ. ಔಷಧಾ ಹೊಡಿಯಾವ್ರು ಛಲೋ ಕೆಲಸಾ ಮಾಡ್ಯಾರ."

ರಾಯವ್ವ ಮೆಂತ್ಯೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ನೀವು ಯಾವ ಊರಾಗ ಅದೀರಿ? ಮೈಮ್ಯಾಲಿನ ದದ್ದು ಏನಂತ ತಿಳದೀರಿ?"

"ಸೆಕಿ ಗುಳ್ಳಿ."

"ಥಂಡ್ಯಾಗ ಸೆಕಿ ಗುಳ್ಳಿ. ನಿಮ್ಮ ಕಿವೀ ಮ್ಯಾಲ ಕುಂತು ಒಂದು ಹಾಡಾಕ ಹತ್ತೇತಿ, ಇಲ್ಲಿಮಟ ನನಗ ಕೇಳತೈತಿ." ಅವಳು ಕೈ ಎತ್ತಿ ಒಂದು ಬಾರಿಸಿದಳು. ಅಂಗೈಯಲ್ಲಿ ರಕ್ತದ ಚುಕ್ಕೆ. ಅದು ಲಗಮಣ್ಣನದೇ.

ಲಗಮಣ್ಣ ನಕ್ಕ. ಆದರೆ ಆ ಚುಕ್ಕೆ ನಗಲಿಲ್ಲ. ಮರುದಿನ ಅಂಗಡಿಯಲ್ಲಿ, ಬಾಪೂಸಾಹೇಬರ ಮಗಳು ಋತುಜಾಳ ತಂಬೂರಿಗೆ ಜವಾರಿ ತೆಗೆಯುವಾಗ, ಮೊದಲ ಸಲ ತನ್ನ ಕೈಯನ್ನು ತಾನೇ ನೋಡಿದ. ಬೆರಳು ನಲವತ್ತು ವರ್ಷದ ರೂಢಿಯಲ್ಲಿ ಕಾನಸ ಆಡಿಸಿತು, ನೂಲು ಸರಿಸಿತು, ನಿಂತಿತು. ಕಿವಿಯನ್ನು ಅದು ಒಂದು ಮಾತೂ ಕೇಳಲಿಲ್ಲ. ಎಷ್ಟು ದಿನದಿಂದ ಕೇಳಿಲ್ಲವೋ. ಲಗಮಣ್ಣ ಘೋಡಿಯ ಹತ್ತಿರ ತಲೆ ಬಾಗಿಸಿದ. ತಂತಿ ಇತ್ತು, ಸ್ವರ ಇತ್ತು, ಜೇನು ಇರಲಿಲ್ಲ. ಗದ್ದಲ ಭಾಳ ಐತಿ ಎಂದು ತನಗೆ ತಾನೇ ಹೇಳಿಕೊಂಡ. ಅಂಗಡಿಯಲ್ಲಿ ಅವನೊಬ್ಬನೇ ಇದ್ದ.

ಆ ರವಿವಾರ ಬಾಪೂಸಾಹೇಬರು ಮಹಡಿಗೆ ಒಂದು ಪರದೆ ಕಟ್ಟಿಸಿದ್ದರು. ಕಾರಣ ದಂತವೈದ್ಯ ಪಂಕಜ. ಹಲ್ಲಿನಲ್ಲಿ ಹುಳುಕು ಹುಡುಕಿ ರೂಢಿಯಾದವನು, ಲಗಮಣ್ಣನಲ್ಲೂ ಹುಡುಕತೊಡಗಿದ್ದ. ಲ್ಯಾಪ್‌ಟಾಪಿನಲ್ಲಿ ಧ್ವನಿಯ ಗೆರೆ ತೋರಿಸಿ, "ಝೇಂಕಾರ ಇಲ್ಲಿ ಐತಲ್ರಿ, ಸತ್ತಿಲ್ಲ," ಎಂದು ಹಿಂದಿನ ವಾರ ವಾದಿಸಿದ್ದ. ಬಾಪೂಸಾಹೇಬರಿಗೆ ಅದು ದೇವರ ಮೂರ್ತಿಗೆ ಎಕ್ಸರೇ ತೆಗೆದಂತಾಗಿತ್ತು.

"ಮೂರು ಡಿಸ್ಕು, ಪರದೇ ಹಿಂದ," ಎಂದರು ಬಾಪೂಸಾಹೇಬರು. "ಲಗಮಣ್ಣಾ, ನೀ ಬರೇ ಹೇಳು. ಡಾಕ್ಟರ ಬಾಯಿ ಇವತ್ತ ಬಂದಾಗಬೇಕು."

ಮೊದಲನೆಯದು ಹಳೆಯ ಕಪ್ಪು ಡಿಸ್ಕು. "ಸತ್ತೈತಿ." ಎರಡನೆಯದು ಅದೇ ಹಾಡಿನ ಹೊಸ ರಿಮಾಸ್ಟರ್. "ಸತ್ತೈತಿ." ಮೂರನೆಯದರಲ್ಲಿ ಗವಾಯಿಯೇ ಇರಲಿಲ್ಲ, ಬರೀ ತಂಬೂರಿ. ಲಗಮಣ್ಣ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. ಬಾವಿಗಿಳಿಸಿದ ಕೊಡ ನೀರು ಮುಟ್ಟಲಿಲ್ಲ.

"ಇದು ಎಲ್ಲಾಕ್ಕಿಂತ ಮೊದಲ ಸತ್ತೈತ್ರಿ," ಎಂದ.

ಬಾಪೂಸಾಹೇಬರು ಪರದೆ ಸರಿಸಿದರು. ಒಳಗೆ ಋತುಜಾ ಕುಳಿತಿದ್ದಳು. ತೊಡೆಯ ಮೇಲೆ ತಂಬೂರಿ. ನಾಲ್ಕು ದಿನದ ಹಿಂದೆ ಲಗಮಣ್ಣನೇ ಜವಾರಿ ತೆಗೆದು ಕಳಿಸಿದ್ದು. ಅವಳ ಬೆರಳು ಇನ್ನೂ ಮೀಟುತ್ತಿತ್ತು, ತಂತಿಗಳು ಇನ್ನೂ ನಡುಗುತ್ತಿದ್ದವು.

ಲಗಮಣ್ಣನಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು: ಸೊಳ್ಳೆ, ಎರಡು ವರ್ಷ, ಆ ಎಲ್ಲ ಡಿಸ್ಕುಗಳು. ಅವ್ಯಾವೂ ಸತ್ತಿರಲಿಲ್ಲ. ಎಲ್ಲಕ್ಕೂ ಮರಣದಂಡನೆ ಬರೆದ ನ್ಯಾಯಾಧೀಶನೇ ಹೆಣವಾಗಿದ್ದ. ಇನ್ನು ಪಂಕಜ ನಗುತ್ತಾನೆ. ನಗಲಿ. ಅದರಿಂದಾದರೂ ಇದು ಮುಗಿಯುತ್ತದೆ.

ಪಂಕಜ ಎದ್ದು ಬಂದು ಅವನ ಕಾಲು ಮುಟ್ಟಿದ.

"ತಮ್ಮ ಕೈಯಾರೆ ಮಾಡಿದ ಕೆಲಸಕ್ಕೂ ಮಾಫಿ ಕೊಡಲಿಲ್ಲಲ್ರಿ," ಎಂದ ದಂತವೈದ್ಯ. "ನಾ ಸೋತೆರಿ ಕಾಕಾ." ಎಂಟು ಜನ ಚಪ್ಪಾಳೆ ತಟ್ಟಿದರು. ಅರಿಷಿಣದ ಪುಡಿ ಎದ್ದಿತು.

"ನನಗ ಕೇಳಸಲಿಲ್ಲರಿ," ಎಂದ ಲಗಮಣ್ಣ. "ಖರೇನ. ನನ್ನ ಕಿವಿ ಹೋಗ್ಯಾವು."

ಬಾಪೂಸಾಹೇಬರು ಸಭೆಯತ್ತ ತಿರುಗಿದರು. "ನೋಡ್ರಿ, ನಮ್ರತಾ ಅಂದ್ರ ಇದು. ಇವನ ಕಿವಿ ಹೋದ್ರ ನಮ್ಮ ತಲ್ಯಾಗ ಏನ ಉಳೀತು? ಲಗಮಣ್ಣಾ, ತಂಬೂರಿ ಒಯ್ಯಿ. ನಿನ್ನ ಮನಸ್ಸಿಗೆ ಬರೂಹಂಗ ಮಾಡಿಕೊಂಡ ಬಾ."

ಕಾರಿನಲ್ಲಿ ತಂಬೂರಿ ಮಲಗಿಸುವಾಗ ಋತುಜಾ ಮೆಲ್ಲಗೆ ಕೇಳಿದಳು. ಅವಳ ಕನ್ನಡ ಅರ್ಧ ದಾರಿಗೆ ಮರಾಠಿಯ ಕೈ ಹಿಡಿಯುತ್ತಿತ್ತು. "ಕಾಕಾ, ಹೇ ಬರೋಬರ ಐತಿ ನಾ? ಮಲಾ... ನನಗಂತೂ ಛಲೋ ಕೇಳತೈತಿ."

ಲಗಮಣ್ಣ ಗವಸಣಿಗೆಯ ಗುಂಡಿಗಳನ್ನು ಒಂದೊಂದಾಗಿ ಹಾಕಿದ.

ಮನೆಯಲ್ಲಿ ಎಂಟು ದಿನ ತಂಬೂರಿ ಗೋಡೆಗೆ ಒರಗಿತ್ತು. ಎರಡು ಸಲ ಅವನು ಕಾನಸ ಹಿಡಿದು ಕುಳಿತ. ತನಗೆ ಕೇಳುವ ತನಕ ತಿಕ್ಕಬಹುದು; ಅಷ್ಟರಲ್ಲಿ ಅದು ಜಗತ್ತಿಗೆಲ್ಲ ತಗಡಿನ ಡಬ್ಬಿಯಾಗಿರುತ್ತದೆ.

"ನೀ ಕೇಳು," ಎಂದು ರಾಯವ್ವನನ್ನು ಕೂರಿಸಿ ಮೀಟಿದ. "ಹೆಂಗೈತಿ?"

"ಜೇನಿನಂಗ," ಎಂದಳು. ಆಮೇಲೆ ಗಂಡನ ಮುಖ ನೋಡಿ, "ನಿಮಗ?" ಎಂದಳು.

ಅವನು ಕಾನಸವನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯ ತಳಕ್ಕೆ ಹಾಕಿದ.

ಮುಂದಿನ ರವಿವಾರ ತಂಬೂರಿಯನ್ನು ಮುಟ್ಟದೆ ಹಾಗೆಯೇ ಒಯ್ದು ಕೊಟ್ಟ. ಋತುಜಾ ಮೀಟಿದಳು. "ಈಗ ಬಂತು ಜೀವಾ," ಎಂದು ಬಾಪೂಸಾಹೇಬರು ಕಣ್ಣೊರೆಸಿಕೊಂಡರು. ಹಿಂದಿನ ವಾರಕ್ಕೂ ಈ ವಾರಕ್ಕೂ ಭೂಮಿ ಆಕಾಶದ ಅಂತರ ಎಂದು ಪಂಕಜ ಲ್ಯಾಪ್‌ಟಾಪು ತೆರೆಯದೆಯೇ ಪ್ರಮಾಣ ಮಾಡಿದ. ಋತುಜಾ ಮಾತ್ರ ಘೋಡಿಯ ಮೇಲಿನ ಹಳೆಯ ನೂಲನ್ನು ನೋಡಿದಳು, ಲಗಮಣ್ಣನನ್ನು ನೋಡಿದಳು, ಪುನಃ ತಲೆ ತಗ್ಗಿಸಿ ಮೀಟಿದಳು.

ಹೊಸ ಡಿಸ್ಕು ಏರಿತು. ಎಲ್ಲ ಮುಖಗಳೂ ಅವನತ್ತ ತಿರುಗಿದವು. ಲಗಮಣ್ಣ ಕಣ್ಣು ಮುಚ್ಚಿದ. ಇನ್ನು ಮೇಲೆ ಅವನ ಬಳಿ ಉಳಿದಿದ್ದು ಒಂದೇ ಕಲಮು, ಸಾಯುವ ತನಕ ಅದನ್ನೇ ಹೇಳಬೇಕು.

"ಜೀವಾ ಐತಿ," ಎಂದ.

ಸಭೆ ಹರ್ಷದಿಂದ ಗಲಗಲ ಎಂದಿತು. ಅವನು ಕಣ್ಣು ತೆರೆದಾಗ ಮುಂಗೈಯ ಮೇಲೆ ಒಂದು ಸೊಳ್ಳೆ ಕುಳಿತಿತ್ತು. ಹೊಟ್ಟೆ ತುಂಬ ಕುಡಿಯುವ ತನಕ ಅವನು ಅದನ್ನು ನೋಡುತ್ತ ಕುಳಿತ. ಅದು ಎದ್ದು ಅವನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಹಾಡುತ್ತಲೇ ಹೋಗಿರಬೇಕು.