ಹತ್ತು ನಿಮಿಷ ಮುಂದಿದ್ದ ಗಡಿಯಾರ

ಗುರುಬಾಯಿ, ನೀನು ಒಂದು ದಿನವೂ ತಡವಾಗಿ ಬಂದಿರಲಿಲ್ಲ. ನಮ್ಮ ವರ್ಕ್‌ಶಾಪಿನ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಮುಂದಿಟ್ಟವನು ನಾನು. ಅದು ಗೊತ್ತಿದ್ದೂ ನಿನ್ನ ಹೆಸರನ್ನು ಪರೀಕ್ಷೆಯ ಪಟ್ಟಿಯಿಂದ ಕೈಬಿಟ್ಟವನೂ ನಾನೇ.

ಇಷ್ಟನ್ನು ಬರೆಯಲು ಎಂಟು ವರ್ಷ ಬೇಕಾಯಿತು.

ನಾನು ಐಟಿಐಗೆ ಶಿಕ್ಷಕನಾಗಿ ಸೇರಿದ ಹೊಸದರಲ್ಲಿ ಹುಡುಗರು ಹೊತ್ತಿಗೆ ಬರುತ್ತಿರಲಿಲ್ಲ. ಒಂದು ಸಂಜೆ ಸ್ಟೂಲ್ ಹತ್ತಿ ಮುಳ್ಳು ತಿರುಗಿಸಿದೆ. ವಾರದೊಳಗೆ ಎಲ್ಲರೂ ಸರಿಹೋದರು. ಎಂಟೂವರೆಗೆ ಹಾಜರಿ, ಎಂಟು ಮೂವತ್ತೈದಕ್ಕೆ ಬಾಗಿಲು ಬಂದ್. ಆಮೇಲೆ ಬಂದವರಿಗೆ ಅರ್ಧ ದಿನ ಗೈರು. ಎರಡು ಅರ್ಧ ಸೇರಿದರೆ ಒಂದು ದಿನ. ಊರಿನಲ್ಲೇ ಇದ್ದವರಿಗೆ, ಹಾಸ್ಟೆಲಿನವರಿಗೆ ಅದೇ ಹೊತ್ತು ರೂಢಿಯಾಯಿತು. ಯಾರೂ ಕೇಳಲಿಲ್ಲ. ನನ್ನ ಶಿಸ್ತನ್ನು ಸಮಾರಂಭಗಳಲ್ಲಿ ಹೊಗಳಿದರು, ಶಾಲು ಹೊದಿಸಿದರು — ನಾನು ಹೊದ್ದುಕೊಂಡೆ.

ಆಮೇಲೆ ಕೊಳಕೂರಿನಿಂದ ನೀನು ಬಂದೆ. ಎಲೆಕ್ಟ್ರಿಷಿಯನ್ ವಿಭಾಗಕ್ಕೆ ಒಬ್ಬಳೇ ಹುಡುಗಿ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕವಿತ್ತು. ಪಿಯುಸಿ ಬಿಟ್ಟು ಇಲ್ಲಿಗೇಕೆ ಬಂದೆ ಎಂದು ಕೇಳಿದ್ದೆ. ಉತ್ತರ ನಿನ್ನ ನಾಲಿಗೆಯ ತುದಿಯಲ್ಲಿತ್ತು.

"ಎರಡು ವರ್ಷ ಐಟಿಐ ಮುಗಿಸಿದ್ರ ಡಿಪ್ಲೊಮಾ ಎರಡನೇ ವರ್ಷಕ್ಕ ಸೀದಾ ಹೋಗಬಹುದರಿ ಸರ್. ನಡುವ ಕೆಲಸ ಸಿಕ್ರ ಕೆಲಸಾನೂ ಮಾಡಬಹುದು. ಪಿಯುಸಿ ಮಾಡಿ ಮುಂದ ಸೀಟ್ ಸಿಗಲಿಲ್ಲಂದ್ರ ಕೈಯಾಗ ಏನ್ ಇರ್ತದರಿ? ಅಪ್ಪಗ ಎರಡು ವರ್ಷ ಅಂತ ಮಾತು ಕೊಟ್ಟೀನಿ."

ನಿಮ್ಮೂರಿನಿಂದ ಬೆಳಿಗ್ಗೆ ನಿನಗೆ ಸಿಗುತ್ತಿದ್ದುದು ಒಂದೇ ಬಸ್ಸು. ನೀನು ಓಡಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಒಳಗಿನಿಂದ ಹುಡುಗರು ಕೂಗುತ್ತಿದ್ದರು: "ಕೊಳಕೂರ ಪ್ಯಾಸೆಂಜರ್ ಬಂತಲೇ!" ನಾನು ತಡೆಯಲಿಲ್ಲ. ಬಸ್ಸು ಚುರುಕಾಗಿ ಬಂದ ದಿನಗಳಲ್ಲಿ ಮಾತ್ರ ನಿನಗೆ ಹಾಜರಿ.

ಎರಡನೇ ವರ್ಷ ಒಮ್ಮೆ ನೀನು ಎಲ್ಲರೆದುರು ಫೋನ್ ಎತ್ತಿ ತೋರಿಸಿದೆ.

"ಸರ್, ಇದರಾಗ ಎಂಟು ಇಪ್ಪತ್ತೊಂಬತ್ತು ಅದರಿ. ನಿಮ್ಮ ಗಡಿಯಾರ ಮುಂದ ಓಡಾಕತ್ತದ."

ಹುಡುಗರು ನಕ್ಕರು. ನಿನ್ನನ್ನು ನೋಡಿಯೋ ನನ್ನನ್ನು ನೋಡಿಯೋ — ತಿಳಿಯಲಿಲ್ಲ.

"ವರ್ಕ್‌ಶಾಪಿಗೆ ಫೋನ್ ತಂದದ್ದೇ ತಪ್ಪು," ಎಂದೆ. "ಇಲ್ಲಿ ನಡಿಯೂದು ನನ್ನ ಗಡಿಯಾರ."

ಆ ದಿನವೇ ಸರಿಪಡಿಸಬಹುದಿತ್ತು. ಆದರೆ ನೀನು ಹೇಳಿದ ಮೇಲೆ ಸರಿಪಡಿಸಿದರೆ — ಇಲ್ಲ, ಅದನ್ನು ವಿವರಿಸಲಾರೆ. ಅಹಂಕಾರಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಅಂತಿಮ ಪರೀಕ್ಷೆಗೆ ನೂರಕ್ಕೆ ಎಂಬತ್ತು ಹಾಜರಿ ಬೇಕು. ಅರ್ಹರ ಪಟ್ಟಿ ಕಳಿಸುವ ಕೊನೆಯ ದಿನ ತಂಗಿಯನ್ನು ಅಫಜಲಪುರದ ಬಸ್ ಹತ್ತಿಸಬೇಕಿತ್ತು. ತುಸು ತಡವಾಗಿ ಬರುವೆನೆಂದು ಮೊದಲೇ ತಿಳಿಸಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನೀನು ಇಳಿದದ್ದನ್ನು ಕಂಡೆ. ನನ್ನ ಕೈಗಡಿಯಾರ ಸರಿಯಾಗಿತ್ತು. ಎಂಟು ಇಪ್ಪತ್ತನಾಲ್ಕು. ನೀನು ಚೀಲ ಎದೆಗವಚಿಕೊಂಡು ಓಡಿದೆ. ನಾನು ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ಬಂದೆ. ಇಬ್ಬರೂ ಒಂದೇ ನಿಮಿಷಕ್ಕೆ ಬಾಗಿಲ ಮುಂದೆ ನಿಂತೆವು. ಇನ್ನೂ ಎಂಟೂವರೆ ಆಗಿರಲಿಲ್ಲ. ಬಾಗಿಲು ಮುಚ್ಚಿತ್ತು.

ಜವಾನ ಇಣುಕಿ ನೋಡಿದ. "ಬರ್ರಿ ಸಾಹೇಬ್ರ." ನನಗಷ್ಟೇ ದಾರಿ ಬಿಟ್ಟ.

ನೀನು ನನ್ನ ಮುಖ ನೋಡಿದೆ. ನಾನು ಒಳಗೆ ಹೋದೆ. ಹಿಂದೆ ಚಿಲಕ ಬಿದ್ದ ಸದ್ದು — ಅದನ್ನು ಕೇಳಿಯೂ ತಿರುಗಲಿಲ್ಲ.

ಮಧ್ಯಾಹ್ನ ಗುಮಾಸ್ತರು ಪಟ್ಟಿ ತಂದರು. "ಗುರುಬಾಯಿಗಿ ನಾಕು ದಿನ ಕಮ್ಮಿ ಅವರಿ. ಛಲೋ ಹುಡುಗಿ. ನೀವು ಹೂಂ ಅಂದ್ರ ಹಾಕ್ತೀನಿ. ಐದಕ್ಕ ಪೋರ್ಟಲ್ ಬಂದ್ ಆಗ್ತದ."

ಆಗ ಮೂರೂಕಾಲು. ಎದುರಿಗೆ ರಿಜಿಸ್ಟರ್ ಇತ್ತು. ನಿನ್ನ ಸಾಲಿನ ಅರ್ಧ ದಿನದ ಗೈರುಗಳೆಲ್ಲ ನನ್ನ ಕೆಂಪು ಶಾಯಿಯವು, ನೇರವಾದವು, ಅಂದವಾದವು. ಒಂದನ್ನು ತಿದ್ದಿದರೆ ಎಲ್ಲವನ್ನೂ ತಿದ್ದಬೇಕು. ತಿದ್ದಿದರೆ ಏಕೆಂದು ಹೇಳಬೇಕು. ನಾಲ್ಕಾಯಿತು. ನಾಲ್ಕೂವರೆ. ಗುಮಾಸ್ತರು ಮತ್ತೆ ಬಂದು ನಿಂತರು. ನೀನು ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದೆ — ಕಿಟಕಿಯಿಂದ ಕಾಣುತ್ತಿತ್ತು.

"ಬಿಡ್ರಿ," ಎಂದೆ. ಅಷ್ಟೇ.

ಎಲ್ಲರೂ ಹೋದ ಮೇಲೆ ಸ್ಟೂಲ್ ಹತ್ತಿ ಗಡಿಯಾರವನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದೆ. ಆಗ ಯಾರೂ ನೋಡಲಿಲ್ಲ. ಮರುದಿನವೂ ಯಾರೂ ಗಮನಿಸಲಿಲ್ಲ.

ಮುಂದಿನ ವರ್ಷ ಹಾಜರಿ ತುಂಬಿಸಿ ಪರೀಕ್ಷೆ ಕಟ್ಟಬಹುದೆಂದು ನಿನಗೆ ನಿಯಮ ತಿಳಿಸಿದೆ. ನೀನು, "ಮೂರನೇ ವರ್ಷ ಅಪ್ಪಗ ಏನಂತ ಹೇಳ್ಲಿರಿ?" ಎಂದೆ. ಮತ್ತೆ ಬರಲಿಲ್ಲ.

ಹೋದ ತಿಂಗಳು ಅಫಜಲಪುರದಲ್ಲಿ ತಂಗಿಯ ಮನೆಯ ಮೋಟರ್ ಸುಟ್ಟುಹೋಯಿತು. ಅವಳ ಗಂಡ ಕರೆದೊಯ್ದ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ ಕುಳಿತಿದ್ದವಳು ನೀನು. ಗುರುತು ಹಿಡಿದು ಎದ್ದು ನಿಂತೆ, ಕುರ್ಚಿ ಒರೆಸಿದೆ, ಚಹಾ ತರಿಸಿದೆ. ಸೊನ್ನ ಗ್ರಾಮದ ಕಡೆಯ ರೈತನೊಬ್ಬ ಹೊಸ ಪಂಪಿನ ಕರೆಂಟ್ ಸಂಪರ್ಕದ ಕಾಗದಕ್ಕೆ ಸಹಿ ಕೇಳಿದ.

"ಕೆಲಸ ನಂದರಿ ಕಾಕಾ, ಸಹಿ ಲೈಸೆನ್ಸ್ ಇದ್ದಾಂವಂದು. ಆಂವ ಸಂಜಿಗಿ ಬರ್ತಾನ." ನಗುತ್ತಲೇ ಹೇಳಿ ನನ್ನ ಕಡೆ ತಿರುಗಿದೆ. "ಸರ್, ಟೈಮ್ ಎಷ್ಟಾತ್ರಿ?"

ಚುಚ್ಚಲೆಂದು ಕೇಳಲಿಲ್ಲ ನೀನು. ರೈತನಿಗೆ ಹೊತ್ತು ಹೇಳಬೇಕಿತ್ತು, ನನ್ನ ಕೈಯಲ್ಲಿ ಗಡಿಯಾರವಿತ್ತು, ಅಷ್ಟೇ. ಆದರೆ ನನಗೆ ಮುಳ್ಳುಗಳು ಕಾಣಲಿಲ್ಲ. ತಂಗಿಯ ಗಂಡನೇ ಹೇಳಿದ.

ಲೈಸೆನ್ಸಿಗೆ ಬೇಕಾದ ಆ ಐಟಿಐ ಅಂತಿಮ ಪರೀಕ್ಷೆಗೆ ಕೆಲಸದ ಅನುಭವವಿದ್ದವರು ಹೊರಗಿನಿಂದಲೇ ಕೂರಲು ದಾರಿ ಇದೆಯಂತೆ. ಇದನ್ನು ಹೇಳಿ ಹಳೆಯದನ್ನು ತೀರಿಸಿದೆ ಎನ್ನುವುದಿಲ್ಲ. ಎಂಟು ವರ್ಷ ಯಾವ ದಾರಿಯಿಂದಲೂ ಹಿಂದೆ ಬರುವುದಿಲ್ಲ. ಗಡಿಯಾರದ ವಿಷಯವನ್ನು ಬರೆದು, ಸಹಿ ಮಾಡಿ, ಒಂದು ಪ್ರತಿಯನ್ನು ಸಂಸ್ಥೆಗೆ ಕಳಿಸಿದ್ದೇನೆ. ಇನ್ನೊಂದು ನಿನ್ನದು — ನಿನ್ನ ಅಪ್ಪನಿಗೆ ತೋರಿಸು, ಆ ಹುಡುಗರಿಗೆ ತೋರಿಸು, ಯಾರಿಗೆ ಬೇಕಾದರೂ ತೋರಿಸು.

ಸೋಮವಾರ ಈ ಕಾಗದ ಹಿಡಿದು ಬರುತ್ತೇನೆ. ನಿನ್ನ ಅಂಗಡಿ ತೆರೆಯುವ ಮೊದಲೇ ಬಂದು ಹೊರಗೆ ನಿಂತಿರುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿನ್ನದು.